ಒಬ್ಬರೇ ಹೊರಟರೆ ಸಾಲದು

ಜಾಲತಾಣ ಬಿಟ್ಟುಬಿಡಬೇಕು ಎಂದು ಪ್ರತಿ ಜನವರಿಯಲ್ಲೂ ಎಷ್ಟೋ ಜನ ನಿಶ್ಚಯಿಸುತ್ತಾರೆ. ಶಿವರಾತ್ರಿ ಬರುವಷ್ಟರಲ್ಲಿ ಆ ಮಾತು ಮರೆತುಹೋಗಿರುತ್ತದೆ. ಇದಕ್ಕೆ ಅವರ ಮನಸ್ಸಿನ ದೌರ್ಬಲ್ಯವನ್ನು ದೂರುವುದು ಅನ್ಯಾಯ. ನಮ್ಮನ್ನು ಅಲ್ಲಿ ಕಟ್ಟಿಹಾಕಿರುವುದು ನಮ್ಮದೇ ಜನ. ಬಿಡುವ ದಾರಿಯನ್ನೂ ಅವರ ಜತೆಗೇ ಹುಡುಕಬೇಕು.

1936ರ ಜೂನ್ ತಿಂಗಳ ಒಂದು ಚಿತ್ರ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಡಗು ಕಟ್ಟುವ ಕಾರ್ಖಾನೆ. ಹೊಸ ಹಡಗನ್ನು ನೀರಿಗಿಳಿಸುವ ಸಮಾರಂಭಕ್ಕೆ ಕಾರ್ಮಿಕರು ಕಿಕ್ಕಿರಿದು ನಿಂತಿದ್ದಾರೆ. ಎಲ್ಲರ ಬಲಗೈಗಳೂ ಮುಂದಕ್ಕೆ ಚಾಚಿ ನಾಜಿ ವಂದನೆ ಸಲ್ಲಿಸುತ್ತಿವೆ. ಆ ಗುಂಪಿನ ನಡುವೆ ಒಬ್ಬನೇ ಒಬ್ಬ ಎದೆಯ ಮೇಲೆ ಕೈಕಟ್ಟಿ, ಹುಬ್ಬು ಗಂಟಿಕ್ಕಿ ನಿಂತಿದ್ದಾನೆ. ಆಗಸ್ಟ್ ಲ್ಯಾಂಡ್‌ಮೆಸರ್ ಎಂಬ ಹೆಸರಿನಿಂದ ಜಗತ್ತು ಅವನನ್ನು ಗುರುತಿಸುತ್ತದೆ.

2019ರ ಅಕ್ಟೋಬರ್. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಪುಟದ ನೆತ್ತಿಯ ಮೇಲೆ ಇದೇ ಚಿತ್ರವಿತ್ತು. ಸರ್ವಾಧಿಕಾರಕ್ಕೆ ತಲೆಬಾಗದ ಮನುಷ್ಯನ ಚಿತ್ರ ಟ್ವಿಟರಿನ ಕಣ್ಣಿಗೆ ದ್ವೇಷ ಸಾರುವ ಚಿತ್ರವಾಗಿ ಕಂಡಿತು. ಖಾತೆ ಅಮಾನತಾಯಿತು. ಪ್ರತಿಭಟನೆಯ ನಂತರ ಮರಳಿ ಬಂತು, ಹಳೆಯದೊಂದು ಪೋಸ್ಟಿನ ನೆಪದಲ್ಲಿ ಮತ್ತೆ ಹೋಯಿತು. ಹೆಗ್ಡೆ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು.

ಈ ಅಮಾನತಿನ ಬೆನ್ನಲ್ಲೇ, ನವೆಂಬರ್ ಮೊದಲ ವಾರದಲ್ಲಿ, ಭಾರತದ ಪತ್ರಕರ್ತರು, ವಕೀಲರು, ವಿದ್ಯಾರ್ಥಿಗಳು ಗುಂಪುಗುಂಪಾಗಿ ಮ್ಯಾಸ್ಟೊಡಾನ್ ಎಂಬ ಬೇರೊಂದು ತಾಣದ ಕಡೆ ಹೊರಟರು. ಜರ್ಮನಿಯ ಯುವ ತಂತ್ರಜ್ಞ ಯೂಜೆನ್ ರೋಷ್ಕೊ 2016ರಲ್ಲಿ ಕಟ್ಟಿದ ತಾಣವದು. ಅದಕ್ಕೆ ಒಬ್ಬ ಒಡೆಯನಿಲ್ಲ, ಜಾಹೀರಾತೂ ಇಲ್ಲ. ಟ್ವಿಟರಿಗೆ ವಿದಾಯ ಹೇಳುವ ಪೋಸ್ಟುಗಳು ಟ್ವಿಟರಿನಲ್ಲೇ ತುಂಬಿದವು.

ಆ ಕಾವು ಬಹಳ ದಿನ ನಿಲ್ಲಲಿಲ್ಲ. ಹೊಸ ಜಾಗದಲ್ಲಿ ಮಾತಾಡಿದರೆ ಕೇಳುವವರು ಕಡಿಮೆ. ಸುದ್ದಿ ಮೊದಲು ಬರುತ್ತಿದ್ದುದು, ಜಗಳ ನಡೆಯುತ್ತಿದ್ದುದು, ಮಂತ್ರಿಗಳಿದ್ದುದು ಹಳೆಯ ಜಾಗದಲ್ಲೇ. ಹೊರಟವರಲ್ಲಿ ಹಲವರು ಸದ್ದಿಲ್ಲದೆ ಹಿಂತಿರುಗಿದರು.

ಹಿಂತಿರುಗಿದವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಅವರು ಟ್ವಿಟರಿಗೆ ಮರಳಲಿಲ್ಲ, ತಮ್ಮ ಜನ ಇದ್ದಲ್ಲಿಗೆ ಮರಳಿದರು.

ಬಿಡಲು ಎಷ್ಟು ಕೊಡಬೇಕು?

ನಮ್ಮನ್ನು ಅಲ್ಲಿ ಕಟ್ಟಿಹಾಕಿರುವ ಈ ಹಗ್ಗದ ಬಲವನ್ನು ಅಳೆದು ನೋಡಿದವರಿದ್ದಾರೆ. ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿ 2023ರಲ್ಲಿ ಪ್ರಬಂಧವೊಂದನ್ನು ಹೊರತಂದರು. ನಾಲ್ಕು ವಾರ ಟಿಕ್‌ಟಾಕ್ ಬಿಡಬೇಕಾದರೆ ನಿಮಗೆಷ್ಟು ಹಣ ಕೊಡಬೇಕು ಎಂಬುದು ಅವರ ಮೊದಲ ಪ್ರಶ್ನೆ. ಸರಾಸರಿ 59 ಡಾಲರ್ ಎಂಬ ಉತ್ತರ ಬಂತು. ಇನ್‌ಸ್ಟಾಗ್ರಾಂ ಬಿಡಲು 47 ಡಾಲರ್.

ಆಮೇಲೆ ಪ್ರಶ್ನೆಯನ್ನು ತಿರುಗಿಸಿದರು. ನೀವೊಬ್ಬರೇ ಅಲ್ಲ, ನಿಮ್ಮ ಕಾಲೇಜಿನ ಎಲ್ಲರೂ ಒಟ್ಟಿಗೆ ಬಿಡುವುದಾದರೆ?

ಈಗ ಹುಡುಗರು ಹಣ ಕೇಳಲಿಲ್ಲ. ಅಂಥದ್ದೊಂದು ಆಗುವುದಾದರೆ ತಾವೇ ಕೈಯಿಂದ ಕೊಡುತ್ತೇವೆ ಎಂದರು: ಟಿಕ್‌ಟಾಕ್‌ಗೆ 28 ಡಾಲರ್, ಇನ್‌ಸ್ಟಾಗ್ರಾಂಗೆ 10 ಡಾಲರ್.

ಈ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಭಾರವಾಗುತ್ತದೆ. ಈ ತಾಣಗಳು ಇಲ್ಲದಿದ್ದರೇ ಚೆನ್ನ ಎಂದು ಒಳಗೊಳಗೆ ಬಯಸುವ ಹುಡುಗ ಹುಡುಗಿಯರೇ, ಉಳಿದವರೆಲ್ಲ ಇದ್ದಾರೆಂಬ ಕಾರಣಕ್ಕೆ ರಾತ್ರಿ ಎರಡರವರೆಗೆ ಅಲ್ಲಿ ಬೆರಳಾಡಿಸುತ್ತಾರೆ. ಇದನ್ನು ಚಟವೆಂದು ಕರೆದು ಮಕ್ಕಳಿಗೆ ಬೈದು ಸುಮ್ಮನಾಗುವುದು ಸುಲಭ. ಆದರೆ ತರಗತಿಯಲ್ಲಿ ತಾನೊಬ್ಬಳೇ ಹೊರಗುಳಿಯುವ ಭಯವನ್ನು ಬೈಗುಳ ಹೇಗೆ ಹೋಗಲಾಡಿಸೀತು?

ಕಂಪನಿಗಳು ಇದನ್ನು ನಮಗಿಂತ ಮೊದಲೇ ಬಲ್ಲವು. ಫೇಸ್‌ಬುಕ್ ಖಾತೆಯನ್ನು ನಿಷ್ಕ್ರಿಯಗೊಳಿಸಲು ಹೊರಟವರಿಗೆ ಹಲವು ವರ್ಷಗಳ ಕಾಲ ಒಂದು ಪರದೆ ಎದುರಾಗುತ್ತಿತ್ತು. ಅದರಲ್ಲಿ ನಿಮ್ಮ ಗೆಳೆಯರ ನಗುಮುಖಗಳು, ಒಂದೊಂದರ ಕೆಳಗೂ ಇವರು ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಾರೆ ಎಂಬ ಸಾಲು. ಆ ಗೆಳೆಯರು ಹಾಗೆಂದು ಯಾರಿಗೂ ಹೇಳಿರಲಿಲ್ಲ. ಅವರ ಮುಖವನ್ನು ಕಂಪನಿ ಬಾಗಿಲಿಗೆ ಅಡ್ಡ ನಿಲ್ಲಿಸಿತ್ತು.

ಆಸ್ಟ್ರೇಲಿಯ ಇದೇ ಗಂಟನ್ನು ಕಾನೂನಿನಿಂದ ಬಿಡಿಸಲು ಹೊರಟಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್ (ಹಿಂದಿನ ಟ್ವಿಟರ್) ಮುಂತಾದವುಗಳಲ್ಲಿ ಖಾತೆ ಹೊಂದದಂತೆ ನೋಡಿಕೊಳ್ಳುವುದು ಕಂಪನಿಗಳ ಹೊಣೆ. ವಯಸ್ಸು ಪರೀಕ್ಷಿಸುವ ನೆಪದಲ್ಲಿ ಎಲ್ಲರ ಗುರುತಿನ ಚೀಟಿ ಈ ಕಂಪನಿಗಳ ಕೈ ಸೇರಬಾರದೆಂಬ ಆತಂಕ ನನಗೂ ಇದೆ. ಆದರೂ ಆ ಕಾನೂನಿನ ಹಿಂದಿರುವ ಒಂದು ಅರಿವನ್ನು ಒಪ್ಪುತ್ತೇನೆ: ಒಬ್ಬ ತಾಯಿ ತನ್ನ ಮಗಳಿಗೆ ಬೇಡ ಎನ್ನುವುದಕ್ಕೂ ಇಡೀ ತರಗತಿಗೆ ಒಟ್ಟಿಗೆ ಬೇಡ ಎನ್ನುವುದಕ್ಕೂ ಅಜಗಜಾಂತರ.

ಬಿಟ್ಟವರಿಗೆ ಏನಾಯಿತು?

2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುನ್ನ ಹಂಟ್ ಆಲ್ಕಾಟ್, ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತಿತರ ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ಪ್ರಯೋಗ ಮಾಡಿದರು. ಹಣ ಕೊಟ್ಟು ಒಂದಷ್ಟು ಜನರನ್ನು ನಾಲ್ಕು ವಾರ ಫೇಸ್‌ಬುಕ್‌ನಿಂದ ದೂರವಿಟ್ಟರು. ಉಳಿದವರನ್ನು ಎಂದಿನಂತೆ ಬಿಟ್ಟು ಹೋಲಿಸಿದರು.

ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಮರಳಿ ಸಿಕ್ಕಿತು. ಆ ಹೊತ್ತು ಬೇರೆ ಜಾಲತಾಣಕ್ಕೆ ಹರಿಯಲಿಲ್ಲ. ಒಂಟಿಯಾಗಿ ಟಿ.ವಿ. ನೋಡುವುದಕ್ಕೂ ಮನೆಯವರು, ಗೆಳೆಯರ ಜತೆಗಿನ ಒಡನಾಟಕ್ಕೂ ಹೋಯಿತು. ರಾಜಕೀಯ ನಿಲುವುಗಳ ಧ್ರುವೀಕರಣ ಒಂದಿಷ್ಟು ಕಡಿಮೆಯಾಯಿತು. ನೆಮ್ಮದಿ ಕೊಂಚ ಹೆಚ್ಚಿತು. ಕೊಂಚವೇ, ಆದರೆ ಅಳತೆಗೆ ಸಿಗುವಷ್ಟು. ಪ್ರಯೋಗ ಮುಗಿದ ಮೇಲೂ ಅವರು ಮೊದಲಿನಷ್ಟು ಫೇಸ್‌ಬುಕ್ ಬಳಸಲಿಲ್ಲ.

ನಷ್ಟವೂ ಇತ್ತು. ಅಂದಂದಿನ ಸುದ್ದಿಯ ತಿಳಿವಳಿಕೆ ಅವರಲ್ಲಿ ಕುಸಿದಿತ್ತು. ಪತ್ರಿಕೆ ಓದುವ ರೂಢಿ ತಪ್ಪಿದ ಮನೆಯಲ್ಲಿ ಫೇಸ್‌ಬುಕ್ ಕೂಡ ನಿಂತರೆ ಸುದ್ದಿ ಬರುವ ಕಿಟಕಿಯೇ ಮುಚ್ಚಿಹೋಗುತ್ತದೆ. ಬಿಡುವವರು ಈ ಮಾತನ್ನು ಗಂಭೀರವಾಗಿ ಯೋಚಿಸಬೇಕು.

ಸಂಸ್ಥೆಗಳ ಅನುಭವ ಬೇರೆ. 2023ರ ಏಪ್ರಿಲ್‌ನಲ್ಲಿ ಟ್ವಿಟರ್ ಅಮೆರಿಕದ ಸಾರ್ವಜನಿಕ ಬಾನುಲಿ ಎನ್‌ಪಿಆರ್‌ಗೆ ಸರ್ಕಾರಿ ಮಾಧ್ಯಮದ ಹಣೆಪಟ್ಟಿ ಹಚ್ಚಿದಾಗ, ಎನ್‌ಪಿಆರ್ ತನ್ನ 52 ಖಾತೆಗಳಲ್ಲೂ ಬರೆಯುವುದನ್ನು ನಿಲ್ಲಿಸಿತು. ಓದುಗರು ಕಳೆದುಹೋಗುತ್ತಾರೆಂಬ ಭಯವಿತ್ತು. ಆರು ತಿಂಗಳ ನಂತರ ಲೆಕ್ಕ ಹಾಕಿದರೆ ತಾಣಕ್ಕೆ ಬರುವವರ ಸಂಖ್ಯೆ ಇಳಿದದ್ದು ಶೇ 1ರಷ್ಟು ಮಾತ್ರ. 2024ರ ನವೆಂಬರ್ 13ರಂದು ಬ್ರಿಟನ್ನಿನ ‘ಗಾರ್ಡಿಯನ್’ ಕೂಡ 80ಕ್ಕೂ ಹೆಚ್ಚು ಖಾತೆಗಳನ್ನು, ಅವುಗಳ ಸುಮಾರು 2.7 ಕೋಟಿ ಹಿಂಬಾಲಕರನ್ನು ಬಿಟ್ಟು ಎಕ್ಸ್‌ನಿಂದ ಹೊರನಡೆಯಿತು.

ಆದರೆ ಎನ್‌ಪಿಆರ್‌ಗೆ ತನ್ನದೇ ಬಾನುಲಿ ಇದೆ, ಗಾರ್ಡಿಯನ್‌ಗೆ ತನ್ನದೇ ಪತ್ರಿಕೆ ಇದೆ. ಹೊರಗೆ ಸ್ವಂತ ಸೂರು ಇದ್ದವರ ಧೈರ್ಯವನ್ನು ಸೂರಿಲ್ಲದವರಿಂದ ನಿರೀಕ್ಷಿಸುವುದು ಸರಿಯಲ್ಲ.

> ಚೌಕಟ್ಟು: ಕಟ್ಟಿದವನೇ ಬಿಟ್ಟಾಗ
>
> ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಬ್ರಯಾನ್ ಆ್ಯಕ್ಟನ್ ಒಬ್ಬರು. 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. 2017ರಲ್ಲಿ ಆ್ಯಕ್ಟನ್ ಕಂಪನಿ ತೊರೆದರು. ಕೇಂಬ್ರಿಜ್ ಅನಲಿಟಿಕಾ ಹಗರಣ ಸ್ಫೋಟಿಸಿದ 2018ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಅಳಿಸಿಹಾಕುವ ಹೊತ್ತು ಬಂದಿದೆ ಎಂದು ಬಹಿರಂಗವಾಗಿ ಬರೆದರು. ಅದಕ್ಕೆ ಒಂದು ತಿಂಗಳ ಮುಂಚೆ ಲಾಭಕ್ಕಾಗಿ ನಡೆಯದ ಸಿಗ್ನಲ್ ಪ್ರತಿಷ್ಠಾನವನ್ನು 5 ಕೋಟಿ ಡಾಲರ್ ಹೂಡಿ ಆರಂಭಿಸಿದ್ದರು.

ಒಂದೇ ರಾತ್ರಿಯಲ್ಲಿ ಬ್ರೆಜಿಲ್

ಇಡೀ ದೇಶವೇ ಹೊರಬಿದ್ದ ಪ್ರಸಂಗವೂ ಒಂದಿದೆ. 2024ರ ಆಗಸ್ಟ್ 30ರಂದು ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಕ್ಸಾಂಡ್ರೆ ಡಿ ಮೊರೈಸ್ ಎಕ್ಸ್ ಮೇಲೆ ನಿಷೇಧ ಹೇರಿದರು. ಈಲಾನ್ ಮಸ್ಕ್ ಒಡೆತನದ ಈ ಕಂಪನಿ ಕೋರ್ಟಿನ ಆದೇಶಗಳನ್ನು ಪಾಲಿಸದೆ, ದೇಶದಲ್ಲಿ ಕಾನೂನು ಪ್ರತಿನಿಧಿಯನ್ನೂ ನೇಮಿಸದೆ ಹಟ ಹಿಡಿದಿತ್ತು. ಬೆಳಗಾಗುವುದರೊಳಗೆ ತಾಣ ಮಾಯ.

ಜನ ಬ್ಲೂಸ್ಕೈ ಎಂಬ ಪುಟ್ಟ ತಾಣಕ್ಕೆ ನುಗ್ಗಿದರು. ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಹೊಸಬರು ಸೇರಿ ಅಲ್ಲಿ ಎಲ್ಲಿ ನೋಡಿದರೂ ಪೋರ್ಚುಗೀಸ್. ಭಾರತದ ಮ್ಯಾಸ್ಟೊಡಾನ್ ವಲಸೆಗಿಲ್ಲದ ಒಂದು ಅನುಕೂಲ ಬ್ರೆಜಿಲಿಗರಿಗಿತ್ತು: ಎಲ್ಲರೂ ಒಂದೇ ದಿನ ಹೊರಟಿದ್ದರು. ಅತ್ತೆ, ನೆರೆಮನೆಯವನು, ಫುಟ್‌ಬಾಲ್ ವರದಿಗಾರ, ಎಲ್ಲರೂ. ಅಕ್ಟೋಬರ್ 8ರಂದು ನಿಷೇಧ ತೆರವಾದಾಗ ಎಕ್ಸ್‌ಗೆ ಮರಳಿದವರಿದ್ದಾರೆ, ಹೊಸ ಜಾಗದಲ್ಲೇ ನಿಂತವರೂ ಇದ್ದಾರೆ.

ಬ್ಲೂಸ್ಕೈ ಆ ವರ್ಷವೇ ಒಂದು ಸಣ್ಣ ಸೌಕರ್ಯ ಕೊಟ್ಟಿತ್ತು. ಖಗೋಳ ವಿಜ್ಞಾನಿಗಳದ್ದೋ ಪತ್ರಕರ್ತರದ್ದೋ ಒಂದು ಪಟ್ಟಿ ಮಾಡಿ ಹಂಚಿದರೆ, ಹೊಸಬರು ಒಂದೇ ಒತ್ತಿಗೆ ಆ ಬಳಗವನ್ನೆಲ್ಲ ಹಿಂಬಾಲಿಸಬಹುದು. ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆ ಮುಗಿದಾಗ ಎಕ್ಸ್ ಬಿಟ್ಟವರು ಈ ಪಟ್ಟಿಗಳನ್ನು ಹಿಡಿದೇ ಬಂದರು. ಅದೇ ತಿಂಗಳು ಬ್ಲೂಸ್ಕೈ ಎರಡು ಕೋಟಿ ಬಳಕೆದಾರರನ್ನು ದಾಟಿತು.

ಕನ್ನಡದಲ್ಲಿ ಹುಟ್ಟಿದ ಹಳದಿ ಹಕ್ಕಿ

ನಮ್ಮ ಊರಲ್ಲೇ ಹುಟ್ಟಿದ ತಾಣದ ಕತೆಯನ್ನು ಇಲ್ಲಿ ಹೇಳಲೇಬೇಕು. ಟ್ಯಾಕ್ಸಿ ಫಾರ್ ಶ್ಯೂರ್ ಕಟ್ಟಿದವರಲ್ಲಿ ಒಬ್ಬರಾದ ಅಪ್ರಮೇಯ ರಾಧಾಕೃಷ್ಣ ಅವರು ಮಯಾಂಕ್ ಬಿಡವಟ್ಕ ಜತೆ ಸೇರಿ 2020ರಲ್ಲಿ ಬೆಂಗಳೂರಿನಲ್ಲಿ ‘ಕೂ’ ಆರಂಭಿಸಿದರು. ಅದು ಮೊದಲು ಬಂದದ್ದು ಕನ್ನಡದಲ್ಲಿ. ತಂತ್ರಜ್ಞಾನದ ಹೊಸತೆಲ್ಲ ಇಂಗ್ಲಿಷಿನಲ್ಲಿ ಬಂದು, ಹಿಂದಿಗೆ ಹೋಗಿ, ಕೊನೆಗೊಮ್ಮೆ ಕನ್ನಡಕ್ಕೆ ಬರುವುದೇ ರೂಢಿ. ಕೂ ಆ ಸಾಲನ್ನು ತಿರುಗಿಸಿತು. ಅದಕ್ಕಾಗಿ ನಾನು ಅದನ್ನು ಪ್ರೀತಿಯಿಂದಲೇ ನೆನೆಯುತ್ತೇನೆ.

2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಪೋಸ್ಟುಗಳ ವಿಚಾರವಾಗಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ ಕೇಂದ್ರ ಮಂತ್ರಿಗಳು, ಇಲಾಖೆಗಳು ಕೂ ಕಡೆ ಬಂದವು. ಅದೇ ವರ್ಷ ಜೂನ್‌ನಲ್ಲಿ ಟ್ವಿಟರನ್ನು ನಿಷೇಧಿಸಿದ ನೈಜೀರಿಯಾದ ಸರ್ಕಾರವೂ ಬಂತು. ಏರುಗಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಜನ ಬಳಸುತ್ತಿದ್ದರು.

ಸಿಟ್ಟಿನಿಂದ ಬಂದವರು ಸಿಟ್ಟು ಇಳಿದ ಮೇಲೆ ನಿಲ್ಲುವುದು ಕಷ್ಟ. ಮಂತ್ರಿಗಳು ಕೂ ಸೇರಿದರು, ಟ್ವಿಟರನ್ನೂ ಬಿಡಲಿಲ್ಲ. ಹೂಡಿಕೆಯ ಹಣ ಬತ್ತಿತು. ಕೊಳ್ಳುವವರ ಜತೆಗಿನ ಮಾತುಕತೆಗಳು ಮುರಿದುಬಿದ್ದವು. 2024ರ ಜುಲೈ 3ರಂದು ಸ್ಥಾಪಕರು ಮುಚ್ಚುವ ನಿರ್ಧಾರ ಪ್ರಕಟಿಸಿದರು. ಅಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದ ಸಾವಿರಾರು ಜನರ ಸಾಲುಗಳೂ ಅದರ ಜತೆ ಹೋದವು.

> ಚೌಕಟ್ಟು: ಬಾಗಿಲು ಮುಚ್ಚಿದವು
>
> ಆರ್ಕುಟ್: 2004ರಲ್ಲಿ ಆರಂಭ. ಭಾರತ ಮತ್ತು ಬ್ರೆಜಿಲ್ ಇದರ ತವರು ಎನ್ನುವಷ್ಟು ಜನಪ್ರಿಯ. 2014ರ ಸೆಪ್ಟೆಂಬರ್ 30ರಂದು ಗೂಗಲ್ ಮುಚ್ಚಿತು.
>
> ಗೂಗಲ್ ಪ್ಲಸ್: ಸಾಮಾನ್ಯ ಬಳಕೆದಾರರಿಗೆ 2019ರ ಏಪ್ರಿಲ್ 2ರಂದು ಕೊನೆ.
>
> ಟಿಕ್‌ಟಾಕ್: 2020ರ ಜೂನ್ 29ರಂದು ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದು. ಹಳ್ಳಿಯ ಕಲಾವಿದರು ರಾತ್ರೋರಾತ್ರಿ ನೋಡುಗರನ್ನು ಕಳೆದುಕೊಂಡರು.

ಗೋಡೆಯ ಮೇಲಿನ ಸಾಹಿತ್ಯ

ಕನ್ನಡಿಗರಿಗೆ ಈ ಪ್ರಶ್ನೆ ಇನ್ನೊಂದು ಕಾರಣಕ್ಕೆ ತುರ್ತಿನದು. ಬ್ಲಾಗುಗಳ ಕಾಲ ಮುಗಿದ ಮೇಲೆ ಕನ್ನಡದ ದಿನನಿತ್ಯದ ಬರವಣಿಗೆ ಬಹುಪಾಲು ಫೇಸ್‌ಬುಕ್ ಗೋಡೆಗೆ ಹೋಯಿತು. ಬಾಲ್ಯದ ಅಡುಗೆಮನೆಯ ನೆನಪು, ತಾಳಮದ್ದಳೆಯ ವಿಮರ್ಶೆ, ಹೊಲದ ಬದಿಯಲ್ಲಿ ಸಿಕ್ಕ ವೀರಗಲ್ಲಿನ ಚಿತ್ರ, ಹೊಸ ಕವಿಯ ಮೊದಲ ಕವಿತೆ, ಹಳೆಯ ಮೇಷ್ಟರ ಕೊನೆಯ ಟಿಪ್ಪಣಿ, ಎಲ್ಲವೂ ಅಲ್ಲಿವೆ. ಹತ್ತು ವರ್ಷ ಹಿಂದಿನ ಒಳ್ಳೆಯ ಬರಹವೊಂದನ್ನು ಅಲ್ಲಿ ಹುಡುಕಿ ತೆಗೆಯಿರಿ ನೋಡೋಣ. ಬರೆದವರಿಗೇ ಸಿಗುವುದಿಲ್ಲ. ಬರೆದವರು ತೀರಿಕೊಂಡರೆ, ಖಾತೆ ಹ್ಯಾಕ್ ಆದರೆ, ಯಾರೋ ಗುಂಪುಕಟ್ಟಿ ರಿಪೋರ್ಟ್ ಮಾಡಿದರೆ ಅದಕ್ಕೆ ಹೊಣೆ ಯಾರೂ ಇಲ್ಲ.

ಧಾರವಾಡದ ಕಡೆಯ ಲೇಖಕಿಯೊಬ್ಬರು ನನಗೆ ಪರಿಚಯ. ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿ ತಾವೇ ಪೋಸ್ಟ್ ಮಾಡುತ್ತಾರೆ. ಬಿಡುವ ಮಾತೆತ್ತಿದ್ದಕ್ಕೆ ಖಡಾಖಂಡಿತವಾಗಿ ಹೇಳಿದರು: ‘ನೀವು ಬಿಡ್ರಿ ಸರ್, ನಿಮಗ ಪೇಪರ್ ಐತಿ. ನಾ ಬಿಟ್ರ ನನ್ನ ಪುಸ್ತಕ ಬಂದದ್ದು ಯಾರಿಗೆ ಗೊತ್ತಾಗಬೇಕು?’

ಈ ಮಾತಿಗೆ ಉತ್ತರವಿಲ್ಲದ ಯಾವ ಉಪದೇಶವೂ ಪೊಳ್ಳು.

ಇನ್ನೂ ದೊಡ್ಡ ಸಾಲವೂ ನಮ್ಮ ಮೇಲಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಯಾವ ಊರಲ್ಲಿ ಯಾರು ಸಿಕ್ಕಿಕೊಂಡಿದ್ದಾರೆ, ಯಾವ ಶಿಬಿರಕ್ಕೆ ಅಕ್ಕಿ ಬೇಕು ಎಂಬುದು ಗೊತ್ತಾದದ್ದು ಈ ತಾಣಗಳಿಂದ. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಜನ ಒದ್ದಾಡಿದಾಗ ಅಪರಿಚಿತರು ರಾತ್ರಿಯಿಡೀ ಕೂತು ಫೋನ್ ನಂಬರುಗಳನ್ನು ಪರಿಶೀಲಿಸಿ ಟ್ವಿಟರಿನಲ್ಲಿ ಹಾಕಿದರು. ಅದನ್ನು ನೋಡಿದವರು ಈ ಜಾಗವನ್ನು ಬರೀ ಕಸ ಎನ್ನಲಾರರು. ಆದರೆ ಆ ರಾತ್ರಿಗಳ ಪುಣ್ಯ ನಿದ್ದೆಗೆಟ್ಟ ಆ ಜನರದು. ಅದನ್ನು ಕಂಪನಿಯ ಲೆಕ್ಕಕ್ಕೆ ಬರೆಯಬಾರದು.

ಕರೆಂಟು ಹೋದರೆ, ರಸ್ತೆಯಲ್ಲಿ ಮರ ಬಿದ್ದರೆ ಇಲಾಖೆಗೆ ಎಕ್ಸ್‌ನಲ್ಲಿ ಟ್ಯಾಗ್ ಮಾಡುವುದು ಬೆಂಗಳೂರಿಗರಿಗೆ ಅಭ್ಯಾಸವಾಗಿದೆ. ಕೌಂಟರಿಗಿಂತ ಅಲ್ಲಿ ಬೇಗ ಉತ್ತರ ಸಿಗುವುದೂ ಉಂಟು. ಸಾರ್ವಜನಿಕ ಕಚೇರಿಯ ಬಾಗಿಲು ಖಾಸಗಿ ಕಂಪನಿಯ ಅಂಗಳದಲ್ಲಿ ಇದ್ದರೆ, ಅಲ್ಲಿ ಖಾತೆಯಿಲ್ಲದ ಪ್ರಜೆ ಎಲ್ಲಿ ನಿಲ್ಲಬೇಕು? ಎಕ್ಸ್‌ನಲ್ಲಿ ಬರುವ ಪ್ರತಿ ಪ್ರಕಟಣೆಯೂ ಇಲಾಖೆಯ ಸ್ವಂತ ತಾಣದಲ್ಲಿ, ಕನ್ನಡದಲ್ಲಿ, ಲಾಗಿನ್ ಇಲ್ಲದೆ ಸಿಗಬೇಕು. ಇದನ್ನು ಕೇಳುವುದು ನಮ್ಮ ಹಕ್ಕು.

ನಂಬರ್ ನಮ್ಮದೇ ಉಳಿಯಿತಲ್ಲ

2011ರ ಜನವರಿಗೆ ಮೊದಲು ನಮ್ಮಲ್ಲಿ ಮೊಬೈಲ್ ಕಂಪನಿ ಬದಲಿಸಬೇಕೆಂದರೆ ನಂಬರನ್ನೇ ಕಳೆದುಕೊಳ್ಳಬೇಕಿತ್ತು. ಸಿಗ್ನಲ್ ಸಿಗದಿದ್ದರೂ, ಬಿಲ್ ಏರಿದರೂ, ಎಲ್ಲರ ಬಳಿ ಇರುವುದು ಇದೇ ನಂಬರ್ ಎಂದು ಸಹಿಸಿಕೊಂಡೆವು. ಪೋರ್ಟಿಂಗ್ ಬಂದ ಮೇಲೆ ಒಂದು ಎಸ್ಸೆಮ್ಮೆಸ್ ಕಳಿಸಿ ಕಂಪನಿ ಬದಲಿಸುವಂತಾಯಿತು. ನಂಬರ್ ನಮ್ಮ ಜತೆ ಬಂತು, ನಂಟರು, ಗೆಳೆಯರೂ ಬಂದರು. ಕಂಪನಿಗಳು ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದಲ್ಲ ಇದು. ನಿಯಮ ಮಾಡಿ ಕೊಡಿಸಿದ್ದು.

ಜಾಲತಾಣಕ್ಕೂ ಇದೇ ಬೇಕು. ಅಸಾಧ್ಯವೇನಲ್ಲ. ಮ್ಯಾಸ್ಟೊಡಾನ್ ಬಳಸುವ ಆ್ಯಕ್ಟಿವಿಟಿಪಬ್ ಎಂಬ ತಾಂತ್ರಿಕ ಒಪ್ಪಂದಕ್ಕೆ 2018ರ ಜನವರಿಯಲ್ಲೇ ವೆಬ್‌ನ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮುದ್ರೆ ಬಿದ್ದಿದೆ. ಅದರಡಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದಾಗ ಹಿಂಬಾಲಕರೂ ಜತೆ ಬರುತ್ತಾರೆ. ಯುರೋಪಿನ ಒಕ್ಕೂಟದಲ್ಲಿ ತಮ್ಮ ಮಾಹಿತಿಯನ್ನು ಬೇರೆಡೆ ಒಯ್ಯುವ ಹಕ್ಕು ಜನರಿಗೆ 2018ರ ಮೇ ತಿಂಗಳಿಂದ ಇದೆ.

ನಮ್ಮಲ್ಲೂ ಇದು ಕಾಗದದ ಮೇಲೆ ಇತ್ತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಒಯ್ಯುವ ಹಕ್ಕನ್ನು ಸ್ಪಷ್ಟವಾಗಿ ಬರೆದಿತ್ತು. 2019ರ ಮಸೂದೆಯಲ್ಲೂ ಉಳಿದಿತ್ತು. ಕೊನೆಗೆ 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿಹಾಕಿಸುವ ಹಕ್ಕಿದೆ, ಒಯ್ಯುವ ಹಕ್ಕು ಕಾಣೆಯಾಗಿದೆ. ಹೋಗುವವರು ಬರಿಗೈಯಲ್ಲಿ ಹೋಗಬಹುದು ಎಂದಷ್ಟೇ ಇದರ ಅರ್ಥ. ಈ ಲೋಪ ನನ್ನನ್ನು ಕಾಡುತ್ತದೆ.

> ಚೌಕಟ್ಟು: ಹೊರಡುವ ಮುನ್ನ
>
> ಗಂಟು ಕಟ್ಟಿ: ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲದರಲ್ಲೂ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಫೈಲ್ ಸಿದ್ಧವಾಗಲು ಸಮಯ ಹಿಡಿಯಬಹುದು. ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.
>
> ಬೀಗಗಳನ್ನು ಬದಲಿಸಿ: ಫೇಸ್‌ಬುಕ್ ಮೂಲಕ ಲಾಗಿನ್ ಆಗುವ ಬೇರೆ ಆ್ಯಪ್‌ಗಳಿದ್ದರೆ ಮೊದಲು ಅವಕ್ಕೆ ಬೇರೆ ಲಾಗಿನ್ ಕೊಡಿ. ನೀವೊಬ್ಬರೇ ಅಡ್ಮಿನ್ ಆಗಿರುವ ಪುಟ, ಗ್ರೂಪುಗಳಿಗೆ ಇನ್ನೊಬ್ಬರನ್ನು ನೇಮಿಸಿ.
>
> ವ್ಯತ್ಯಾಸ ತಿಳಿಯಿರಿ: ನಿಷ್ಕ್ರಿಯಗೊಳಿಸುವುದು ಬೇರೆ, ಅಳಿಸುವುದು ಬೇರೆ. ಫೇಸ್‌ಬುಕ್‌ನಲ್ಲಿ ಅಳಿಸಲು ಕೇಳಿದ 30 ದಿನಗಳೊಳಗೆ ಲಾಗಿನ್ ಆದರೆ ಅಳಿಸುವಿಕೆಯನ್ನು ರದ್ದುಗೊಳಿಸಬಹುದು. ಪೂರ್ತಿ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು. ಎಕ್ಸ್‌ನಲ್ಲೂ 30 ದಿನಗಳ ಗಡುವಿದೆ.

ನಮ್ಮ ಓದುಗರ ಬಳಗ ವರ್ಷಗಳಿಂದ ಒಂದು ಜಾಲತಾಣದಲ್ಲಿ ಗುಂಪು ಮಾಡಿಕೊಂಡು ಪುಸ್ತಕಗಳ ಬಗ್ಗೆ ಬರೆಯುತ್ತಿದೆ. ಅಲ್ಲಿಂದ ಹೊರಡುವ ಮಾತು ಈ ಚಳಿಗಾಲದಲ್ಲಿ ಬಂದಾಗ ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ಯುಗಾದಿಯನ್ನು ಗಡುವೆಂದು ಇಟ್ಟುಕೊಂಡೆವು. ಅಷ್ಟರೊಳಗೆ ಎಲ್ಲರೂ ತಮ್ಮ ಹಳೆಯ ಬರಹಗಳನ್ನು ಇಳಿಸಿಕೊಳ್ಳಬೇಕು, ಅವುಗಳಲ್ಲಿ ಉಳಿಯಬೇಕಾದವನ್ನು ಆರಿಸಿ ಯಾರು ಬೇಕಾದರೂ ಓದಬಹುದಾದ ಸ್ವಂತ ತಾಣಕ್ಕೆ ಹಾಕಬೇಕು, ಎಲ್ಲರ ಮಿಂಚಂಚೆ ಮತ್ತು ಮನೆ ವಿಳಾಸದ ಪಟ್ಟಿಯೊಂದು ಸಿದ್ಧವಾಗಬೇಕು. ತಿಂಗಳಿಗೊಂದು ಪತ್ರ ಆ ಪಟ್ಟಿಗೆ ಹೋಗುತ್ತದೆ. ಮೊಬೈಲಿನಲ್ಲಿ ಇದೆಲ್ಲ ಮಾಡಲು ತಿಳಿಯದ ಹಿರಿಯರ ಮನೆಗೆ ಬಳಗದ ಹುಡುಗರು ಭಾನುವಾರ ಹೋಗಿ ಮಾಡಿಕೊಡುತ್ತಿದ್ದಾರೆ.

ಧಾರವಾಡದ ಲೇಖಕಿ ಸದ್ಯಕ್ಕೆ ಅಲ್ಲೇ ಉಳಿಯುತ್ತಾರೆ. ಅವರ ಓದುಗರು ಇನ್ನೂ ಅಲ್ಲಿದ್ದಾರೆ, ನಾವೂ ಬೇಡವೆನ್ನಲಿಲ್ಲ. ಪಟ್ಟಿಯ ವಿಷಯ ಕೇಳಿ ಅವರೇ ಫೋನ್ ಮಾಡಿದರು: ‘ನನ್ನ ಹೆಸರೂ ಅದರಾಗ ಸೇರಸ್ರಿ ಸರ್. ಮುಂದಿನ ಪುಸ್ತಕದ ಸುದ್ದಿ ಮೊದಲು ನಿಮ್ಮ ಪತ್ರದಾಗ ಬರ್ಲಿ, ಆಮ್ಯಾಲ ಅಲ್ಲಿ ಹಾಕತೀನಿ.’